ಬಳ್ಳಾರಿ ಬೇಸಿಗೆಯಲ್ಲಿ ಮಂಜುಗಡ್ಡೆಯಿಂದ ತೂತು ಮಾಡಿದ್ದು

ಎಲುಬಿಗೆ ತುಂಬುವ ವಸ್ತು ಮಾಡುತ್ತಿದ್ದೇನೆ ಅಂದರೆ ಏನೋ ಗಟ್ಟಿ ಪದಾರ್ಥ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೈಗೆ ಕೊಟ್ಟರೆ ನಗುತ್ತಾರೆ. ಒಂದು ಬಿಳಿ ಬಿಲ್ಲೆ, ಮಂಡಕ್ಕಿಯಷ್ಟು ಹಗುರ, ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ. ಅದರೊಳಗೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಬರೀ ಖಾಲಿ ಜಾಗ. ಇಷ್ಟು ದಿನ ಬಳ್ಳಾರಿಯ ಒಂದು ಕಾಲೇಜು ಲ್ಯಾಬಿನಲ್ಲಿ ಕೂತು ನಾನು ತಯಾರಿಸಿದ್ದು ಆ ಖಾಲಿ ಜಾಗವನ್ನೇ. ಸುತ್ತಲಿನ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಗೋಡೆ ಸುಮ್ನೆ ಅದನ್ನು ಹಿಡಿದುಕೊಂಡಿರುತ್ತದೆ.

ಯಾಕೆ ಬೇಕು ಇದು? ಸಣ್ಣ ಬಿರುಕಾದರೆ ಎಲುಬು ತಾನೇ ಕೂಡಿಕೊಳ್ಳುತ್ತದೆ. ಒಂದು ತುಂಡೇ ಹೋದರೆ ಕೂಡಿಕೊಳ್ಳುವುದಿಲ್ಲ. ಸಂಡೂರು, ತೋರಣಗಲ್ಲು ಕಡೆಯ ರಸ್ತೆಗಳಲ್ಲಿ ಅದಿರು ಲಾರಿಗಳ ಪಕ್ಕ ಬೈಕು ಓಡಿಸಿದವರಿಗೆ ಇದನ್ನು ವಿವರಿಸುವುದೇ ಬೇಡ, ಎಲ್ಲರ ಮನೆಯಲ್ಲೂ ಕಾಲಿಗೆ ರಾಡು ಹಾಕಿಸಿಕೊಂಡವರು ಒಬ್ಬರಾದರೂ ಇರುತ್ತಾರೆ. ಈಗಲೂ ಸರ್ಜನ್‌ಗಳು ಮೊದಲು ನೋಡುವುದು ರೋಗಿಯ ಸೊಂಟದ ಎಲುಬನ್ನೇ. ಅಲ್ಲಿಂದ ಸ್ವಲ್ಪ ಕೆರೆದು ತಂದು ಇಲ್ಲಿ ತುಂಬುತ್ತಾರೆ. ಅದಕ್ಕಿಂತ ಚೆನ್ನಾದದ್ದು ಇನ್ನೂ ಬಂದಿಲ್ಲ ಅನ್ನುವುದೂ ನಿಜ. ಆದರೆ ಒಂದು ಗಾಯ ವಾಸಿ ಮಾಡಲು ಇನ್ನೊಂದು ಗಾಯ, ಮೇಲಾಗಿ ಸಿಗುವುದೂ ಸ್ವಲ್ಪವೇ. ನಮ್ಮ ಬಿಲ್ಲೆಯಂಥದ್ದಕ್ಕೆ ಸ್ಕ್ಯಾಫೋಲ್ಡ್ ಅನ್ನುತ್ತಾರೆ, ಅದು ಆ ಜಾಗದಲ್ಲಿ ತಾತ್ಕಾಲಿಕವಾಗಿ ಕೂರುವ ವಸ್ತು. ಜೀವಕೋಶ ಅದರೊಳಗೆ ಹೋಗಬೇಕು, ರಕ್ತನಾಳ ಹೋಗಬೇಕು, ಎಲುಬು ಬೆಳೆದಂತೆಲ್ಲ ಇದು ಕರಗಬೇಕು.

ಹಾಗಾಗಿ ತೂತು ಮುಖ್ಯ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ತೂತು 100 ಮೈಕ್ರಾನ್‌ಗಿಂತ ಚಿಕ್ಕದಾದರೆ ಕೋಶಗಳು ಒಳಗೆ ಸಲೀಸಾಗಿ ಹೋಗವು. ರಕ್ತನಾಳವೂ ಬಂದು ಎಲುಬು ಚೆನ್ನಾಗಿ ಕೂರಬೇಕಾದರೆ 300 ಮೈಕ್ರಾನ್ ದಾಟಿರಲಿ ಅನ್ನುತ್ತಾರೆ. ಬರೀ ತೂತಿದ್ದರೂ ಸಾಲದು, ಒಂದರಿಂದ ಒಂದಕ್ಕೆ ದಾರಿ ಇರಬೇಕು. ಮುಚ್ಚಿದ ಗುಳ್ಳೆಗಳು ಎಷ್ಟಿದ್ದರೂ ದಂಡ.

ನಾವು ಆರಿಸಿಕೊಂಡದ್ದು ಮೂರು ವಸ್ತು. ಕೈಟೋಸಾನ್, ಜೆಲಾಟಿನ್, ಹೈಡ್ರಾಕ್ಸಿಅಪಟೈಟ್. ಕೈಟೋಸಾನ್ ಬರುವುದು ಸೀಗಡಿ, ಏಡಿ ಚಿಪ್ಪಿನ ಕೈಟಿನ್‌ನಿಂದ. ಅದನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಅಸಿಟೈಲ್ ಗುಂಪುಗಳನ್ನು ತೆಗೆದರೆ ಸಿಗುತ್ತದೆ. ಬಳ್ಳಾರಿಯಲ್ಲಿ ಕೂತು ಸೀಗಡಿ ಸಿಪ್ಪೆ ಹುಡುಕುವುದಕ್ಕೆ ಅರ್ಥವಿಲ್ಲ, ಪುಡಿಯನ್ನೇ ತರಿಸಿದೆವು. ಡಬ್ಬಿಯ ಮೇಲೆ ಡಿಅಸಿಟೈಲೇಷನ್, ಅಂದರೆ ಆ ಗುಂಪುಗಳನ್ನು ಎಷ್ಟು ತೆಗೆದಿದ್ದಾರೆ ಅನ್ನುವುದು, ಶೇಕಡಾ 75ರಿಂದ 85 ಅಂತ ಇರುತ್ತದೆ. ಈ ಸಂಖ್ಯೆ ನೋಡದೆ ಕೊಳ್ಳಬೇಡಿ. ಎಷ್ಟು ಬೇಗ ಕರಗುತ್ತದೆ, ಮೈಯಲ್ಲಿ ಎಷ್ಟು ಕಾಲ ಇರುತ್ತದೆ ಅನ್ನುವುದೆಲ್ಲ ಇದರ ಮೇಲೆಯೇ ನಿಂತಿದೆ. ನಮ್ಮ ಮೈಯೊಳಗಿನ ಲೈಸೋಜೈಮ್ ಅನ್ನುವ ಕಿಣ್ವ ಉಳಿದ ಅಸಿಟೈಲ್ ಗುಂಪುಗಳನ್ನು ಹಿಡಿದೇ ಕೈಟೋಸಾನನ್ನು ಕತ್ತರಿಸುತ್ತಾ ಹೋಗುತ್ತದೆ. ಇನ್ನು ಜೆಲಾಟಿನ್ ಕೊಲಾಜೆನ್‌ನ ಮಗು. ಎಲುಬಿನ ನಾರಿನ ಭಾಗ ಕೊಲಾಜೆನ್ನೇ ಆದ್ದರಿಂದ ಕೋಶಗಳಿಗೆ ಅದರ ಗುರುತು ಸಿಗುತ್ತದೆ.

ಹೈಡ್ರಾಕ್ಸಿಅಪಟೈಟ್ ಎಲುಬಿನ ಖನಿಜ. ರೆಡಿಮೇಡ್ ಸಿಗುತ್ತದೆ, ಆದರೆ ದುಬಾರಿ. ನಾವು ಮೊಟ್ಟೆ ಚಿಪ್ಪಿನಿಂದ ಮಾಡಿದೆವು. ಕೌಲ್ ಬಜಾರಿನ ಕಡೆ ಒಂದು ಎಗ್ ರೈಸ್ ಗಾಡಿಯವನಿಗೆ ಬಕೆಟ್ ಕೊಟ್ಟಿದ್ದೆ. ಸಂಜೆಯಿಂದ ರಾತ್ರಿಯೊಳಗೆ ತುಂಬಿಸಿಕೊಡುತ್ತಿದ್ದ. ದುಡ್ಡು ಬೇಡ ಅಂದ, ಆದರೆ ಇದರಿಂದ ಏನು ಮಾಡುತ್ತೀರಿ ಅಂತ ಪ್ರತಿ ಸಲ ಕೇಳುತ್ತಿದ್ದ, ಎಲುಬು ಅಂದರೆ ನಂಬುತ್ತಿರಲಿಲ್ಲ. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕುದಿಸಿ, ಒಳಗಿನ ಪೊರೆ ಬಿಡಿಸಿ, ಒಣಗಿಸಿ, ಪುಡಿ ಮಾಡಿ 900 ಡಿಗ್ರಿಯ ಫರ್ನೇಸಿನಲ್ಲಿ ಇಡಬೇಕು. ಮೊದಲು ಕಪ್ಪಗಾಗುತ್ತದೆ, ಆಮೇಲೆ ಬೆಳ್ಳಗಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಹೋಗಿ ಸುಣ್ಣ ಉಳಿಯುತ್ತದೆ. ಇದನ್ನು ಪರೀಕ್ಷಿಸಲು ದೊಡ್ಡ ಮಷೀನೇನೂ ಬೇಡ, ತಕ್ಕಡಿ ಸಾಕು. ಶುದ್ಧ ಕಾರ್ಬೊನೇಟ್ 100 ಗ್ರಾಂ ಇಟ್ಟರೆ 56 ಗ್ರಾಂ ಉಳಿಯಬೇಕು. ಚಿಪ್ಪಿನಲ್ಲಿ ಪೊರೆಯ ಚೂರು, ಪ್ರೋಟೀನು ಇರುವುದರಿಂದ ಇನ್ನೂ ಸ್ವಲ್ಪ ಕಡಿಮೆ. 60 ಬಂತು ಅಂದರೆ ಒಳಗೆ ಸುಟ್ಟಿಲ್ಲ ಅಂತಲೇ ಅರ್ಥ, ಮತ್ತೆ ಇಡಿ.

ಈ ಸುಣ್ಣವನ್ನು ನೀರಲ್ಲಿ ಕಲಸಿ, ಫಾಸ್ಫಾರಿಕ್ ಆಮ್ಲವನ್ನು ಹನಿ ಹನಿಯಾಗಿ ಬಿಡಬೇಕು. ಪರಮಾಣುಗಳ ಲೆಕ್ಕದಲ್ಲಿ ಕ್ಯಾಲ್ಸಿಯಂ 10 ಇದ್ದರೆ ಫಾಸ್ಫರಸ್ 6, ಅಂದರೆ ಅನುಪಾತ 1.67. ಪಿಎಚ್ 10ರ ಆಸುಪಾಸು ಇರಲು ಅಮೋನಿಯಾ ಹಾಕುತ್ತಿರಬೇಕು. ಅವತ್ತು ಲ್ಯಾಬಿಗೆ ಯಾರೂ ಬರುವುದಿಲ್ಲ, ಕಣ್ಣು ಉರಿಯುತ್ತದೆ. ಆಮ್ಲ ಜಾಸ್ತಿ ಬಿದ್ದು ಅನುಪಾತ 1.5ರ ಕಡೆ ಜಾರಿದರೆ ಆಮೇಲೆ ಬಿಸಿ ಮಾಡಿದಾಗ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬರುತ್ತದೆ. ಅದೂ ಕೆಟ್ಟದ್ದಲ್ಲ, ಮೈಯಲ್ಲಿ ಬೇಗ ಕರಗುತ್ತದೆ ಅಷ್ಟೆ. ಯಾವ ಹರಳು ಅಂತ ಗುರುತು ಹಿಡಿಯುವ ಎಕ್ಸ್‌ರೇ ಡಿಫ್ರಾಕ್ಷನ್ ಹಾಳೆಯಲ್ಲಿ 32 ಡಿಗ್ರಿ ಆಸುಪಾಸಿನಲ್ಲಿ ಮೂರು ಶಿಖರ ಒತ್ತೊತ್ತಾಗಿ ನಿಂತಿದ್ದರೆ ಸಮಾಧಾನ. ಸುಟ್ಟ ಸುಣ್ಣ ಗಾಳಿಯ ತೇವ ಹೀರಿ ತೂಕ ಬದಲಾಗಿಬಿಡುತ್ತದೆ, ಆಗ ಅನುಪಾತದ ಲೆಕ್ಕವೆಲ್ಲ ತಪ್ಪುತ್ತದೆ. ಕರಾವಳಿಯ ಲ್ಯಾಬಿನವರಿಗೆ ಇದು ದೊಡ್ಡ ತಲೆನೋವು. ನಮ್ಮ ಒಣಗಾಳಿ ಉಪಕಾರ ಮಾಡಿದ್ದು ಈ ಇಡೀ ಕೆಲಸದಲ್ಲಿ ಇದೊಂದೇ ಕಡೆ.

ನೀರಿನ ವಿಷಯವೂ ಹೇಳಬೇಕು. ಬೋರ್‌ವೆಲ್ ನೀರಿನ ಗಡಸುತನಕ್ಕೆ ಡಿಸ್ಟಿಲೇಷನ್ ಕಾಯಿಲ್ ಮೇಲೆ ಪದರ ಕಟ್ಟುತ್ತದೆ, ಕೆರೆಯುತ್ತಲೇ ಇರಬೇಕು. ಗಡಸುತನಕ್ಕಿಂತ ನನಗೆ ಚಿಂತೆ ಇದ್ದದ್ದು ಫ್ಲೋರೈಡ್‌ನದು. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದ ಎಷ್ಟೋ ಊರುಗಳ ಅಂತರ್ಜಲದಲ್ಲಿ ಅದು ಮಿತಿ ಮೀರಿದೆ. ಫ್ಲೋರೈಡ್ ಅಪಟೈಟ್‌ನೊಳಗಿನ ಹೈಡ್ರಾಕ್ಸಿಲ್ ಜಾಗಕ್ಕೆ ಹೋಗಿ ಕೂರುತ್ತದೆ. ಹಳ್ಳಿಗಳಲ್ಲಿ ಹಲ್ಲು ಕಂದಾಗುವುದು, ಬೆನ್ನು ಬಾಗುವುದು ಎಲ್ಲ ಇದೇ ಫ್ಲೋರೈಡ್‌ನಿಂದ. ಬೀಕರಿನ ಅಪಟೈಟ್‌ನೊಳಗೂ ಅದು ಹೀಗೇ ಹೋಗಿ ಕೂರುತ್ತದೆ. ಹಾಗಾಗಿ ತೊಳೆಯುವುದಕ್ಕೂ ಡಿಸ್ಟಿಲ್ಡ್ ನೀರೇ.

ಕಲಸುವುದು ಸುಲಭದ ಕೆಲಸ. ಕೈಟೋಸಾನ್ ಬರೀ ನೀರಲ್ಲಿ ಕರಗುವುದಿಲ್ಲ, ಶೇಕಡಾ 1ರ ಅಸಿಟಿಕ್ ಆಮ್ಲದಲ್ಲಿ ಕರಗುತ್ತದೆ. ನೂರು ಎಂಎಲ್‌ಗೆ 2 ಗ್ರಾಂ ಹಾಕಿ ರಾತ್ರಿಯಿಡೀ ತಿರುಗಿಸಿ, ಬಟ್ಟೆಯಲ್ಲಿ ಸೋಸಿ, 40 ಡಿಗ್ರಿಯಲ್ಲಿ ಕರಗಿಸಿದ ಜೆಲಾಟಿನ್ ಸೇರಿಸಿ, ಅಪಟೈಟ್ ಪುಡಿ ಸೇರಿಸಿ. ಪುಡಿ ತಳಕ್ಕೆ ಕೂರುವ ಮೊದಲೇ ಅಚ್ಚಿಗೆ ಹುಯ್ಯಬೇಕು. ಗಾಳಿಗುಳ್ಳೆ ಹೋಗಲು ಸ್ವಲ್ಪ ಹೊತ್ತು ಬಿಡಬೇಕು. ಇವೆರಡೂ ಒಂದಕ್ಕೊಂದು ವಿರುದ್ಧ ಅಲ್ವಾ? ಅದಕ್ಕೆ ದ್ರಾವಣವನ್ನು ತಣ್ಣಗೆ ಮಾಡಿ ಜೆಲಾಟಿನ್ ಗಟ್ಟಿಯಾಗಲು ಶುರುವಾಗುವ ಹೊತ್ತು ನೋಡಿ ಹುಯ್ಯುತ್ತಿದ್ದೆವು.

ಇಲ್ಲಿಂದ ಮುಂದೆ ಎಲ್ಲಾ ಮಂಜುಗಡ್ಡೆಯ ಆಟ.

ದ್ರಾವಣ ಹೆಪ್ಪುಗಟ್ಟುವಾಗ ನೀರು ಶುದ್ಧ ಹರಳಾಗಿ ಬೆಳೆಯುತ್ತಾ ಪಾಲಿಮರನ್ನು, ಅಂದರೆ ಕೈಟೋಸಾನ್ ಮತ್ತು ಜೆಲಾಟಿನನ್ನು, ಪಕ್ಕಕ್ಕೆ ತಳ್ಳುತ್ತದೆ. ಎರಡು ಹರಳುಗಳ ನಡುವೆ ಸಿಕ್ಕಿಕೊಂಡ ಪಾಲಿಮರ್ ಗೋಡೆಯಾಗುತ್ತದೆ. ಆಮೇಲೆ ಆ ಹರಳನ್ನು ಕರಗಿಸದೆ ಹೊರಗೆ ಕಳಿಸಿದರೆ ಅದಿದ್ದ ಜಾಗ ತೂತು. ಹರಳು ದೊಡ್ಡದಾದರೆ ತೂತು ದೊಡ್ಡದು. ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಹರಳಿಗೆ ಬೆಳೆಯಲು ಸಮಯ ಸಿಗುತ್ತದೆ, ಬೇಗ ಹೆಪ್ಪುಗಟ್ಟಿಸಿದರೆ ಎಲ್ಲೆಲ್ಲೂ ಒಟ್ಟಿಗೇ ಹುಟ್ಟಿ ಚಿಕ್ಕದಾಗಿ ಉಳಿಯುತ್ತದೆ. ಓದುವಾಗ ಇದು ಒಂದು ಸಾಲು. ಮಾಡುವಾಗ ಅಚ್ಚಿನ ಪ್ಲಾಸ್ಟಿಕ್ ಎಷ್ಟು ದಪ್ಪ, ಫ್ರೀಜರಿನ ಯಾವ ತಟ್ಟೆಯಲ್ಲಿಟ್ಟೆ, ಪಕ್ಕದಲ್ಲಿ ಬೇರೆಯವರು ಬಿಸಿ ಬಾಟಲಿ ಇಟ್ಟಿದ್ದಾರಾ ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಬೇಗ ಹೆಪ್ಪುಗಟ್ಟಿಸಿದರೆ ಹೇಗಿರುತ್ತದೆ ಅಂತ ನೋಡಲು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬೇಕಿತ್ತು. ನಮ್ಮ ಕಡೆ ಅದು ಎಲ್ಲಿ ಸಿಗುತ್ತದೆ? ದನದ ಆಸ್ಪತ್ರೆಯಲ್ಲಿ! ಕೃತಕ ಗರ್ಭಧಾರಣೆಯ ಸ್ಟ್ರಾಗಳನ್ನು ಅದರಲ್ಲೇ ಮುಳುಗಿಸಿಟ್ಟಿರುತ್ತಾರೆ. ಆ ಕೆಲಸ ಮಾಡುವ ಪರಿಚಯದವರೊಬ್ಬರು ತಮಗೆ ಎಲ್ಲಿಂದ ಬರುತ್ತದೆ ಅಂತ ಹೇಳಿಕೊಟ್ಟರು, ನಾವೂ ಅಲ್ಲಿಂದಲೇ ಒಂದು ಕ್ಯಾನ್ ತರಿಸಿದೆವು. ಫಲಿತಾಂಶ ನಿರೀಕ್ಷೆಯಂತೆಯೇ ಬಂತು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತೂತುಗಳು ಹತ್ತಾರು ಮೈಕ್ರಾನ್ ಅಷ್ಟೆ, ಎಲುಬಿಗೆ ಉಪಯೋಗವಿಲ್ಲ. ಆದರೆ ಒಂದು ಒಳ್ಳೆಯ ದಾರಿ ಸಿಕ್ಕಿತು. ಅಚ್ಚಿನ ಸುತ್ತ ಥರ್ಮಾಕೋಲ್ ಸುತ್ತಿ ತಳಕ್ಕೆ ಮಾತ್ರ ತಾಮ್ರದ ಬಿಲ್ಲೆ ಕೊಟ್ಟು, ಆ ತಾಮ್ರವನ್ನು ಮಾತ್ರ ತಣ್ಣಗೆ ಮಾಡಿದರೆ ಹರಳು ಕೆಳಗಿಂದ ಮೇಲಕ್ಕೆ ಒಂದೇ ದಿಕ್ಕಿನಲ್ಲಿ ಬೆಳೆಯುತ್ತದೆ. ತೂತುಗಳು ಕೊಳವೆಗಳಾಗಿ ಸಾಲಾಗಿ ನಿಲ್ಲುತ್ತವೆ. ನೋಡಲು ಎಷ್ಟು ಚಂದ ಅಂದರೆ ಆ ಫೋಟೊ ಈಗಲೂ ನನ್ನ ಫೋನಿನ ವಾಲ್‌ಪೇಪರ್. ಮಾಮೂಲಿ ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿ ಇಟ್ಟವು ನೂರು ಮೈಕ್ರಾನ್ ದಾಟಿದ್ದವು, ಅಲ್ಲಲ್ಲಿ ಇನ್ನೂರರ ಹತ್ತಿರ. ಗುರಿ ಮುಟ್ಟಲಿಲ್ಲ, ಆದರೆ ಕೆಲಸಕ್ಕೆ ಬರುವಂಥವು. ಹಾಗಾಗಿ ಬಡ ಫ್ರೀಜರೇ ಗೆದ್ದಿತು.

ಇನ್ನು ಫ್ರೀಜ್ ಡ್ರೈಯರ್, ಅಂದರೆ ಮಂಜನ್ನು ಕರಗಿಸದೆ ಹೊರಗೆ ಕಳಿಸಿ ಒಣಗಿಸುವ ಮಷೀನು. 611 ಪಾಸ್ಕಲ್‌ಗಿಂತ ಕಡಿಮೆ ಒತ್ತಡದಲ್ಲಿ ನೀರು ದ್ರವವಾಗಿ ಇರಲಾರದು. ವಾತಾವರಣದ ಒತ್ತಡದ ಸುಮಾರು 166ನೇ ಒಂದು ಪಾಲು ಅದು. ಅಲ್ಲಿಂದಲೂ ಕೆಳಗೆ ಹೋದರೆ ಮಂಜು ನೇರವಾಗಿ ಆವಿಯಾಗುತ್ತದೆ, ಗೋಡೆ ಕುಸಿಯುವುದಿಲ್ಲ. ಹೊರಟ ಆವಿಯನ್ನು ಮೈನಸ್ 50 ಡಿಗ್ರಿಯ ಕಂಡೆನ್ಸರ್ ಹಿಡಿದುಕೊಳ್ಳುತ್ತದೆ. ಆ ಕಂಡೆನ್ಸರಿನ ಕಂಪ್ರೆಸರ್ ತನ್ನ ಬಿಸಿಯನ್ನು ಬಿಡುವುದು ಕೋಣೆಯ ಗಾಳಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಕೋಣೆಯ ಗಾಳಿ ಹೇಗಿರುತ್ತದೆ ಅಂತ ಗೊತ್ತಲ್ಲ. ಹೊರಗೆ 40 ದಾಟಿರುತ್ತದೆ, ತಗಡಿನ ಮೇಲ್ಛಾವಣಿಯ ಲ್ಯಾಬ್ ಒಳಗೆ ಅದಕ್ಕಿಂತ ಏನೂ ಕಡಿಮೆ ಇರುವುದಿಲ್ಲ. ಮಷೀನು ತಯಾರಿಸಿದವರು ಅದನ್ನು 25 ಡಿಗ್ರಿಯ ಏಸಿ ಕೋಣೆಗೆ ಅಂತ ಮಾಡಿರುತ್ತಾರೆ. ನಮ್ಮಲ್ಲಿ ಮಧ್ಯಾಹ್ನ ಕಂಡೆನ್ಸರ್ ಮೈನಸ್ 35ರಲ್ಲೇ ಏದುಸಿರು ಬಿಟ್ಟುಕೊಂಡು ನಿಂತುಬಿಡುತ್ತಿತ್ತು. ರಾತ್ರಿ ಹಾಕಿದರೆ ಪರವಾಗಿಲ್ಲ. ಆದರೆ ಒಣಗಲು ಒಂದು ರಾತ್ರಿ ಸಾಲದು, ಮರುದಿನದ ಮಧ್ಯಾಹ್ನ ಬಂದೇ ಬರುತ್ತದೆ.

ಅದರ ಮೇಲೆ ಕರೆಂಟು. ಬೇಸಿಗೆಯಲ್ಲಿ ಹೋದರೆ ಬರುವುದು ಅದರ ಮರ್ಜಿ. ಜನರೇಟರ್ ಇತ್ತು, ಆದರೆ ಅದನ್ನು ಚಾಲೂ ಮಾಡುವವರು ಬರಬೇಕು, ಡೀಸೆಲ್ ಇರಬೇಕು. ವ್ಯಾಕ್ಯೂಮ್ ಪಂಪು ನಿಂತ ಸ್ವಲ್ಪ ಹೊತ್ತಿಗೇ ಒಳಗಿನ ಮಂಜು ಕರಗಲು ಶುರುವಾಗುತ್ತದೆ, ಕರಗಿದ ನೀರು ಆಮ್ಲದ ನೀರು, ಅದು ತನ್ನದೇ ಗೋಡೆಗಳನ್ನು ಕರಗಿಸುತ್ತದೆ, ಬೆಳಗ್ಗೆ ಬಂದು ನೋಡಿದರೆ ಬಿಲ್ಲೆಯ ಜಾಗದಲ್ಲಿ ಹಳದಿ ಗಾಜಿನಂಥ ಪೊರೆ ಅಂಟಿಕೊಂಡಿರುತ್ತದೆ. ಒಂದು ಇಡೀ ಬ್ಯಾಚ್ ಹೀಗೆ ಹೋಯಿತು. ಚಿಪ್ಪು ಸುಟ್ಟದ್ದರಿಂದ ಹಿಡಿದು ಎಲ್ಲಾ ಮತ್ತೆ ಮೊದಲಿಂದ.

ಆಮೇಲೆ ನಮ್ಮ ಗೈಡ್ ಒಂದು ಹಳೆಯ ಪೇಪರ್ ತೋರಿಸಿದರು. 2004ರಲ್ಲಿ ತೈವಾನಿನ ಸಂಶೋಧಕರು ಬರೆದದ್ದು, ಫ್ರೀಜ್ ಡ್ರೈಯರ್ ಇಲ್ಲದೆ ಇದೇ ತೂತು ಮಾಡುವ ದಾರಿ. ಫ್ರೀಜ್ ಜೆಲೇಷನ್ ಅನ್ನುತ್ತಾರೆ. ಯೋಚನೆ ಬಹಳ ಸರಳ. ಕೈಟೋಸಾನ್ ಆಮ್ಲದಲ್ಲಿ ಕರಗುತ್ತದೆ, ಪಿಎಚ್ ಆರೂವರೆ ದಾಟಿದರೆ ಕರಗುವುದಿಲ್ಲ. ಹಾಗಾದರೆ ಮಂಜು ಇನ್ನೂ ಗಟ್ಟಿಯಾಗಿರುವಾಗಲೇ ಗೋಡೆಗಳಿಗೆ ಕ್ಷಾರ ಮುಟ್ಟಿಸಿಬಿಟ್ಟರೆ? ಕಾಸ್ಟಿಕ್ ಸೋಡಾವನ್ನು ನೀರು ಮತ್ತು ಎಥನಾಲ್ ಮಿಶ್ರಣದಲ್ಲಿ ಕರಗಿಸಿ ಅದನ್ನೂ ಅದೇ ಮೈನಸ್ 20ರ ಫ್ರೀಜರಿನಲ್ಲಿ ಇಡುವುದು. ಎಥನಾಲ್ ಇರುವುದರಿಂದ ಅದು ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟಿದ ಬಿಲ್ಲೆಗಳನ್ನು ಅದರಲ್ಲಿ ಮುಳುಗಿಸಿ ಬಿಟ್ಟರೆ ಕ್ಷಾರ ನಿಧಾನವಾಗಿ ಒಳಗೆ ಇಳಿದು ಕೈಟೋಸಾನ್ ಗಟ್ಟಿಯಾಗುತ್ತದೆ. ಆಮೇಲೆ ಹೊರಗೆ ತೆಗೆದು ಮಂಜು ಕರಗಿದರೂ ಚಿಂತೆಯಿಲ್ಲ, ಗೋಡೆ ನಿಂತಿರುತ್ತದೆ. ಎಥನಾಲ್‌ನಲ್ಲಿ ತೊಳೆದು ಸುಮ್ನೆ ಕೋಣೆಯಲ್ಲೇ ಒಣಗಿಸಬಹುದು.

ಹೆಪ್ಪುಗಟ್ಟಿಸಲು ಬೇಕಾದ್ದು ಒಂದು ಮಾಮೂಲಿ ಡೀಪ್ ಫ್ರೀಜರ್. ಕರೆಂಟು ಹೋದರೂ ಮುಚ್ಚಳ ತೆಗೆಯದಿದ್ದರೆ ಗಂಟೆಗಟ್ಟಲೆ ತಣ್ಣಗಿರುತ್ತದೆ. ಬಳ್ಳಾರಿಯಂಥ ಊರಿಗೆ ಹೇಳಿ ಮಾಡಿಸಿದ ವಿಧಾನ ಅಂತ ನನಗೆ ಈಗಲೂ ಅನ್ನಿಸುತ್ತದೆ. ಫ್ರೀಜ್ ಡ್ರೈಯರ್ ಇಲ್ಲ ಅಂತ ಎಷ್ಟೋ ಕಾಲೇಜುಗಳಲ್ಲಿ ಈ ವಿಷಯವನ್ನೇ ಮುಟ್ಟುವುದಿಲ್ಲ, ಅದು ನೆಪ ಅಷ್ಟೆ. ತೂತು ಮಾಡುವುದು ಮಂಜು, ಮಷೀನಲ್ಲ. ಕಷ್ಟಗಳೂ ಇವೆ. ಒಣಗುವಾಗ ಬಿಲ್ಲೆ ಕುಗ್ಗುತ್ತದೆ. ನೀರು ಹೋಗುವಾಗ ತನ್ನ ಜೊತೆ ಗೋಡೆಯನ್ನೂ ಎಳೆಯುತ್ತದೆ. ನೀರನ್ನು ಹಂತ ಹಂತವಾಗಿ ಎಥನಾಲ್‌ಗೆ ಬದಲಾಯಿಸಿ, ಶೇಕಡಾ 50, 70, 90, ಆಮೇಲೆ ಪೂರ್ತಿ, ಹೀಗೆ ಮಾಡಿದರೆ ಕುಗ್ಗುವುದು ಬಹಳ ಕಡಿಮೆಯಾಗುತ್ತದೆ. ಕ್ಷಾರ ಪೂರ್ತಿ ಹೋಗುವವರೆಗೆ ತೊಳೆಯುವುದಂತೂ ಬೇಸರದ ಕೆಲಸ, ಪಿಎಚ್ ಪೇಪರ್ ಹಿಡಿದುಕೊಂಡು ಕೂತಿರಬೇಕು.

ಜೆಲಾಟಿನ್ ಮಾತ್ರ ಇಷ್ಟರಿಂದ ನಿಲ್ಲುವುದಿಲ್ಲ. ಮೈಯ ಬಿಸಿಗೆ ಕರಗಿ ಹೊರಟುಹೋಗುತ್ತದೆ. ಅದನ್ನು ಕಟ್ಟಿಹಾಕಬೇಕು, ಅಂದರೆ ಕ್ರಾಸ್‌ಲಿಂಕ್ ಮಾಡಬೇಕು. ಗ್ಲುಟರಾಲ್ಡಿಹೈಡ್ ಅಗ್ಗ, ಬಿಗಿಯಾಗಿ ಕಟ್ಟುತ್ತದೆ, ಆದರೆ ಉಳಿದುಕೊಂಡರೆ ಕೋಶಗಳಿಗೆ ವಿಷ. ಗಾರ್ಡೀನಿಯಾ ಗಿಡದ ಕಾಯಿಂದ ಬರುವ ಜೆನಿಪಿನ್ ಸೌಮ್ಯ, ಬಿಲ್ಲೆ ನೀಲಿಯಾಗುತ್ತದೆ, ಬೆಲೆ ಕೇಳಿ ಕೈಬಿಟ್ಟೆವು. ಕೊನೆಗೆ ಇಡಿಸಿ ಅನ್ನುವ ರಾಸಾಯನಿಕ ಹಿಡಿದೆವು. ಅದು ಜೆಲಾಟಿನ್ ಮತ್ತು ಕೈಟೋಸಾನ್ ನಡುವೆ ಗಂಟು ಹಾಕಿ ತಾನು ಒಳಗೆ ಉಳಿಯದೆ ಹೊರಗೆ ಬಂದುಬಿಡುತ್ತದೆ, ತೊಳೆದರೆ ಆಯಿತು.

ಪರೀಕ್ಷೆಗಳಲ್ಲಿ ನನಗೆ ಮಜಾ ಕೊಟ್ಟದ್ದು ಇನ್‌ಕ್ಯುಬೇಟರ್ ಕಥೆ. ಜಪಾನಿನ ಕೊಕುಬೊ ರೂಪಿಸಿದ ಒಂದು ದ್ರಾವಣ ಇದೆ. ರಕ್ತದ ದ್ರವಭಾಗದಲ್ಲಿ ಇರುವ ಲವಣಗಳನ್ನು ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕಲಸಿ ಮಾಡಿದ್ದು, ಪಿಎಚ್ 7.4. ಅದರಲ್ಲಿ ಸ್ಕ್ಯಾಫೋಲ್ಡ್ ಮುಳುಗಿಸಿ 36.5 ಡಿಗ್ರಿಯಲ್ಲಿ ಇಟ್ಟು, ಮೈಮೇಲೆ ಹೊಸ ಅಪಟೈಟ್ ಕೂರುತ್ತದಾ ಅಂತ ನೋಡುತ್ತಾರೆ. ಗೀರು ಬಿದ್ದ ಗಾಜಿನ ಪಾತ್ರೆ ಬೇಡ, ಪ್ಲಾಸ್ಟಿಕ್ ಬೇಕು, ಇಲ್ಲದಿದ್ದರೆ ಹರಳು ಗೀರಿನ ಮೇಲೆ ಕೂರುತ್ತದೆ. ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಏನೆಂದರೆ ಮಾಮೂಲಿ ಇನ್‌ಕ್ಯುಬೇಟರಿನಲ್ಲಿ ಬಿಸಿ ಮಾಡುವ ಹೀಟರ್ ಮಾತ್ರ ಇರುತ್ತದೆ! ಕೋಣೆಯೇ 40ರ ಹತ್ತಿರ ಇದ್ದರೆ ಅದು 36.5 ಡಿಗ್ರಿಗೆ ಬರುವುದು ಹೇಗೆ? ಹೀಟರ್ ಆರಿಸಿಕೊಂಡು ಸುಮ್ನೆ ಕೂತಿರುತ್ತದೆ, ಒಳಗೆ 39 ತೋರಿಸುತ್ತಿರುತ್ತದೆ. ತಂಪು ಮಾಡುವ ಬಿಒಡಿ ಇನ್‌ಕ್ಯುಬೇಟರ್ ಪಕ್ಕದ ವಿಭಾಗದಲ್ಲಿತ್ತು, ಅದರಲ್ಲಿ ಒಂದು ತಟ್ಟೆ ಜಾಗ ಕೇಳಿ ಪಡೆದೆವು.

ಗಟ್ಟಿತನ ಅಳೆಯುವುದೂ ಒಂದು ಕಥೆ. ಸಿವಿಲ್ ವಿಭಾಗದಲ್ಲಿ ಕಾಂಕ್ರೀಟ್ ಒಡೆಯುವ ಮಷೀನಿದೆ, ಅದರ ಮುಳ್ಳು ಅಲುಗಾಡುವ ಮೊದಲೇ ನಮ್ಮ ಬಿಲ್ಲೆ ಚಪ್ಪಟೆಯಾಗಿರುತ್ತದೆ. ಲೆಕ್ಕ ನೋಡಿ. 10 ಮಿಲಿಮೀಟರ್ ಅಗಲದ ಬಿಲ್ಲೆ, 50 ಕಿಲೋಪಾಸ್ಕಲ್ ತಡೆದರೆ ಅದರ ಮೇಲೆ ಬಿದ್ದ ಭಾರ ನಾಲ್ಕು ನ್ಯೂಟನ್ನು, ಅಂದರೆ 400 ಗ್ರಾಂ ತೂಕ. ರಾಯಚೂರಿನಲ್ಲಿ ಆಹಾರ ಸಂಸ್ಕರಣೆ ಓದುತ್ತಿದ್ದ ಸ್ನೇಹಿತೆ ಬ್ರೆಡ್ಡು ಎಷ್ಟು ಮೆತ್ತಗಿದೆ ಅಂತ ಅಳೆಯುವ ಟೆಕ್ಸ್ಚರ್ ಅನಲೈಸರ್ ಬಗ್ಗೆ ಹೇಳಿದಳು. ನಮಗೆ ಬೇಕಾದ್ದು ಅದೇ. ಡಬ್ಬಿಯಲ್ಲಿ ಬಿಲ್ಲೆಗಳನ್ನು ಇಟ್ಟುಕೊಂಡು ಬಸ್ಸು ಹತ್ತಿದೆ. ಅಪಟೈಟ್ ಹಾಕಿದವು ಹಾಕದವಕ್ಕಿಂತ ಚೆನ್ನಾಗಿ ತಡೆದವು, ಆದರೂ ಎಲ್ಲವೂ ಕಿಲೋಪಾಸ್ಕಲ್‌ಗಳ ಲೆಕ್ಕದಲ್ಲೇ. ಎಲುಬಿನ ಒಳಗಿನ ಮೆತ್ತನೆಯ ಭಾಗವೇ 2ರಿಂದ 12 ಮೆಗಾಪಾಸ್ಕಲ್ (ಒಂದು ಮೆಗಾ ಅಂದರೆ ಸಾವಿರ ಕಿಲೋ) ತಡೆಯುತ್ತದೆ, ಹೊರಗಿನ ಗಟ್ಟಿ ಎಲುಬು ನೂರು ದಾಟುತ್ತದೆ. ಎಲ್ಲಿಂದೆಲ್ಲಿಗೆ!

ಜೀವಕೋಶದ ಪರೀಕ್ಷೆಯನ್ನು ಬೆಂಗಳೂರಿನ ಒಂದು ಲ್ಯಾಬಿಗೆ ಕೊಟ್ಟೆವು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟರೆ ಬೆಳಗ್ಗೆ ಅಲ್ಲಿ. ಬಿಲ್ಲೆಗಳನ್ನು ಆಟೋಕ್ಲೇವ್ ಮಾಡಬೇಡಿ ಅಂತ ಕವರ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ, 121 ಡಿಗ್ರಿಯ ಹಬೆಗೆ ಜೆಲಾಟಿನ್ ಉಳಿಯುವುದಿಲ್ಲ. ಕ್ರಿಮಿ ಕೊಲ್ಲಲು 70 ಶೇಕಡಾ ಎಥನಾಲ್, ಆಮೇಲೆ ಯುವಿ ಬೆಳಕು. ಅಲ್ಲಿನವರು ಮೊದಲು ಬಿಲ್ಲೆಯನ್ನು ಬರೀ ಪೋಷಕ ದ್ರವದಲ್ಲಿ ರಾತ್ರಿಯಿಡೀ ನೆನೆಸಿದರು. ಆ ದ್ರವದಲ್ಲಿ ಕೆಂಪು ಸೂಚಕ ಇರುತ್ತದೆ. ಆಮ್ಲ ಉಳಿದಿದ್ದರೆ ಹಳದಿಯಾಗುತ್ತದೆ, ಕ್ಷಾರ ಉಳಿದಿದ್ದರೆ ಗಾಢ ಗುಲಾಬಿ. ನಮ್ಮದು ಕೆಂಪಾಗಿಯೇ ಇತ್ತು ಅಂತ ಫೋಟೊ ಕಳಿಸಿದಾಗ, ಪಿಎಚ್ ಪೇಪರ್ ಹಿಡಿದು ಕೂತದ್ದಕ್ಕೆಲ್ಲ ಬೆಲೆ ಬಂತು. ಎಂಜಿ 63 ಅನ್ನುವ ಎಲುಬಿನ ಕೋಶಗಳನ್ನು ಬಿತ್ತಿದರು. ಅವು ಎಲುಬಿನ ಕ್ಯಾನ್ಸರಿನಿಂದ ಬಂದ ಕೋಶ, ಬಹಳ ಗಟ್ಟಿ ಜೀವ, ಇದರಲ್ಲಿ ಬದುಕಿದವು ಅಂತ ನಾವು ಜಾಸ್ತಿ ಹಿಗ್ಗುವ ಹಾಗಿಲ್ಲ. ಎಂಟಿಟಿ ಪರೀಕ್ಷೆಯಲ್ಲಿ ಬಣ್ಣ ನೇರಳೆಯಾಯಿತು, ಕೋಶ ಬದುಕಿವೆ ಅಂತ ಅರ್ಥ. ಅಂಚಿನಲ್ಲಿ ಚೆನ್ನಾಗಿ ಹರಡಿದ್ದವು, ನಡುಭಾಗಕ್ಕೆ ಕಡಿಮೆ ಹೋಗಿದ್ದವು. ನಮ್ಮ ತೂತು ಇನ್ನೂ ದೊಡ್ಡದಾಗಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇದೆಲ್ಲವನ್ನೂ ತೆಗೆದುಕೊಂಡು ಪರಿಚಯದ ಒಬ್ಬ ಎಲುಬಿನ ಡಾಕ್ಟರ ಹತ್ತಿರ ಹೋದೆ. ಬಿಲ್ಲೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಇದನ್ನು ತೊಡೆ ಎಲುಬಿಗೆ ಹಾಕುವ ಮಾತೇ ಬೇಡ ಅಂದರು. ಭಾರ ಬೀಳದ ಜಾಗ ನೋಡಿ, ಹಲ್ಲು ಕಿತ್ತ ಗುಳಿ, ದವಡೆಯಲ್ಲಿ ಗಂಟು ತೆಗೆದ ಮೇಲೆ ಉಳಿಯುವ ಪೊಳ್ಳು, ಅಲ್ಲಿಗೆ ನಡೆಯಬಹುದು, ದಂತ ವೈದ್ಯರನ್ನು ಕೇಳಿ ಅಂದರು. ದಂತ ವೈದ್ಯೆಯೊಬ್ಬರು ಒದ್ದೆ ಮಾಡಿ ನೋಡಿದರು. ಉಬ್ಬಿ ಗುಳಿಯ ಆಕಾರಕ್ಕೆ ತಾನೇ ಕೂರುವುದು ಇಷ್ಟವಾಯಿತು ಅಂದರು. ಚಪ್ಪಟೆ ಬಿಲ್ಲೆ ಬೇಡ, ಹಲ್ಲಿನ ಬೇರಿನ ಹಾಗೆ ತುದಿ ಚೂಪಾದದ್ದು ಮಾಡಿಕೊಡಿ ಅಂದರು. ಅದಿನ್ನೂ ದೂರದ ಮಾತು. ಪ್ರಾಣಿಗಳ ಮೇಲಿನ ಪರೀಕ್ಷೆಗೆ ನೈತಿಕ ಸಮಿತಿಯ ಅನುಮತಿ ಬೇಕು, ಮನುಷ್ಯರಿಗೆ ಅಂದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. ಸದ್ಯಕ್ಕೆ ಚೂಪು ತುದಿಯ ಅಚ್ಚು ಮಾಡಿಸಿದ್ದೇವೆ, ಫ್ರೀಜರನ್ನು ಮೈನಸ್ 20ರಿಂದ ಮೈನಸ್ 12ಕ್ಕೆ ಏರಿಸಿ ಇನ್ನೂ ನಿಧಾನವಾಗಿ ಹೆಪ್ಪುಗಟ್ಟಿಸುತ್ತಿದ್ದೇವೆ, ಎಥನಾಲ್ ದ್ರಾವಣವನ್ನೂ ಅಷ್ಟಕ್ಕೇ ಹೊಂದಿಸಿದ್ದೇವೆ. ಚೂಪಾದ ತುದಿ ಮೊದಲು ಹೆಪ್ಪುಗಟ್ಟಿ ಅಲ್ಲಿ ತೂತು ಚಿಕ್ಕದಾಗುತ್ತಿದೆ. ತುದಿಗೆ ಮಾತ್ರ ಥರ್ಮಾಕೋಲ್ ಟೋಪಿ ಹಾಕಿ ನೋಡುತ್ತಿದ್ದೇವೆ.